ಹಂಗಲ್ಲ, ತಾ ಇಲ್ಲಿ!

ಶನಿವಾರ ಮಧ್ಯಾಹ್ನ ದಾವಣಗೆರೆಯಲ್ಲಿ, ಹರಪನಹಳ್ಳಿ ಮೇಲೆ ಕೊಟ್ಟೂರಿಗೆ ಹೋಗುವ ಬಸ್ಸು ಹತ್ತಿದವರಿಗೆ ಒಂದು ವಾಸನೆ ಗೊತ್ತಿರುತ್ತದೆ. ಅದು ಡೀಸೆಲ್ಲಿನದಲ್ಲ, ಮುಂದಿನ ಸೀಟಿನ ಅಜ್ಜ ಕಾಲಡಿ ಇಟ್ಟುಕೊಂಡ ಉಳ್ಳಾಗಡ್ಡಿ ಚೀಲದ್ದೂ ಅಲ್ಲ. ತಲೆಯ ಮೇಲೆ ಸಾಮಾನು ಇಡುವ ಜಾಗದಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಕೂತ ಏಳೆಂಟು ಬ್ಯಾಗುಗಳದು. ಬ್ಯಾಗಿನ ಒಡೆಯ ಅದರ ಕೆಳಗೇ ಕೂತಿರುತ್ತಾನೆ. ಕಿವಿಯಲ್ಲಿ ಇಯರ್‌ಫೋನು, ಕಣ್ಣು ಕಿಟಕಿಯಾಚೆಯ ಮೆಕ್ಕೆಜೋಳದ ಮೇಲೆ. ತನಗೂ ಮೇಲಿನ ಗಂಟಿಗೂ ಯಾವ ಸಂಬಂಧವೂ ಇಲ್ಲವೆಂಬ ಮುಖ. ಒಮ್ಮೆ ಕಂಡಕ್ಟರು ಬ್ಯಾಗನ್ನು ಸರಿಸಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡು ಕೇಳಿದ್ದ: "ಇದು ಯಾರದಪಾ? ಇದಕ್ಕೂ ಒಂದು ಟಿಕೇಟ್ ತಗೀ. ಇದರಾಗ ಜೀವ ಐತಿ."

ಬಸ್ಸೆಲ್ಲ ನಕ್ಕಿತು. ಹುಡುಗನೂ ನಕ್ಕ. ಈ ಹುಡುಗರನ್ನು ನಗೆಯಾಡಿದವರು ಬೇಕಾದಷ್ಟು ಜನ ಇದ್ದಾರೆ, ನಾನು ಆ ಕೆಲಸಕ್ಕೆ ಹೋಗುವುದಿಲ್ಲ. ಬ್ಯಾಗಿಗೆ ಎರಡು ತುದಿ. ಒಂದು ತುದಿಯಲ್ಲಿ ಇವನು. ಇನ್ನೊಂದು ತುದಿಯಲ್ಲಿ, ಬಚ್ಚಲ ಬಾಗಿಲಿನಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಕೇಟು ತುಂಬಿಸಿಟ್ಟುಕೊಂಡು ನಿಂತಿರುವ ಇವನ ಅವ್ವ. ಈಕೆ ಕೂಡ್ಲಿಗಿಯಲ್ಲಿದ್ದಾಳೆ, ಕೊಟ್ಟೂರಿನಲ್ಲಿದ್ದಾಳೆ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಕಡೆ ಇದ್ದಾಳೆ. ಗುರುತು ಹಿಡಿಯುವುದು ಸುಲಭ. ಮೇ ತಿಂಗಳಲ್ಲಿ ಮಗನ ಎಸ್ಸೆಸ್ಸೆಲ್ಸಿ ರಿಸಲ್ಟಿನ ಪೇಡೆ ಹಂಚುತ್ತ ಎದುರುಮನೆಗೂ ಕೇಳುವಂತೆ ಒಂದು ಪ್ರತಿಜ್ಞೆ ಮಾಡಿರುತ್ತಾಳೆ: "ಕಾಲೇಜಿಗೆ ಹೋಗೋದ್ರೊಳಗ ಇವಗ ಅರಿವಿ ಒಗಿಯಾದು ಕಲಿಸೇ ಕಳಸ್ತೀನಿ. ಹಾಸ್ಟೆಲ್ಲಿನಾಗ ಇವನ ಹಿಂದ ಯಾರು ಬರ್ತಾರ?"

ನಾನು ಹತ್ತಿರದಿಂದ ಬಲ್ಲ ಮಾದರಿ ನನ್ನ ಅಕ್ಕ. ಕೊಟ್ಟೂರಿನಲ್ಲಿದ್ದಾಳೆ. ಭಾವನದು ದಲಾಲಿ ಅಂಗಡಿ, ಶೇಂಗಾ ಮತ್ತು ಮೆಕ್ಕೆಜೋಳ. ಹಿರಿಯವನು ಹತ್ತನೇ ಕ್ಲಾಸು ಮುಗಿಸಿ ದಾವಣಗೆರೆಗೆ ಹೊರಟಿದ್ದ. ಅವನ ಬೆನ್ನಿಗೆ ಒಬ್ಬಳು ತಂಗಿ, ಎಂಟನೇ ಕ್ಲಾಸು. ಆ ಮೇ ತಿಂಗಳು ಒಂದು ಮದುವೆಯ ನೆವದಲ್ಲಿ ನಾನು ಹೊಸಪೇಟೆಯಿಂದ ಹರಿಹರದ ರೈಲು ಹಿಡಿದು ಕೊಟ್ಟೂರಿಗೆ ಹೋದವನು ಹದಿನೈದು ದಿನ ಅಲ್ಲೇ ಉಳಿದೆ. ಪಡಸಾಲೆಯಲ್ಲಿ ಫೈಲೊಂದು ತಯಾರಾಗುತ್ತಿತ್ತು: ಟಿಸಿ, ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, 371 (ಜೆ) ಸರ್ಟಿಫಿಕೇಟು, ಎಲ್ಲದಕ್ಕೂ ಐದೈದು ಜೆರಾಕ್ಸು. "ಇನ್ನ ಅರಿವಿ ಒಗಿಯಾದೊಂದು ಬಾಕಿ ಐತಿ ನೋಡು," ಎಂದಳು ಅಕ್ಕ. ಅದಕ್ಕೂ ತಹಶೀಲ್ದಾರರ ಸಹಿ ಬೇಕೇನೋ ಎನ್ನುವ ಧ್ವನಿಯಲ್ಲಿ.

ಮೊದಲ ಪಾಠ ಬಟ್ಟೆಯದಲ್ಲ, ನೀರಿನದು. ಇದು ಹೊರಗಿನವರಿಗೆ ತಿಳಿಯುವುದು ಕಷ್ಟ. ಹೊಳೆಯ ದಂಡೆಯ ಊರಿನವರಿಗೆ ನೀರು ಎಂದರೆ ನೀರು. ನಮ್ಮ ಕಡೆ ಹಾಗಲ್ಲ. ನಳದ ನೀರು ಒಂದು, ಬೋರಿನ ನೀರು ಇನ್ನೊಂದು. ಬೋರಿನದು ಸವಳು. ಅದರಲ್ಲಿ ಸೋಪು ಎಷ್ಟು ತಿಕ್ಕಿದರೂ ನೊರೆ ಏಳುವುದಿಲ್ಲ, ಮಜ್ಜಿಗೆ ಒಡೆದ ಹಾಗೆ ಬೆಳ್ಳನೆ ಗಸಿ ಮೇಲೆ ತೇಲಿ, ಬಟ್ಟೆಗೆ ಹತ್ತಿಕೊಳ್ಳುತ್ತದೆ. "ಸೋಪು ಹಚ್ಚಾಕ ನಳದ ನೀರು, ಜಾಲಸಾಕ ಬೋರಿನ ನೀರು, ಕಟ್ಟಕಡೀಗೆ ಮತ್ತ ಒಂದು ತಂಬಿಗಿ ನಳದ ನೀರು. ಬೋರಿನ ನೀರಾಗ ಒಗಿಯಾದ ಬಂತಂದ್ರ ಬಾರ್ ಸೋಪು ಮುಟ್ಟಬ್ಯಾಡ, ಪುಡಿ ಹಾಕು," ಎಂದು ಅಕ್ಕ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಹುಡುಗ ತಲೆಯಾಡಿಸಿದ. ನನಗೆ ಸುಮ್ಮನಿರಲಾಗಲಿಲ್ಲ. "ಇದು ನಿಮ್ಮ ಪಠ್ಯದಾಗೂ ಐತಲ್ಲೋ?" ಎಂದೆ. ಇತ್ತು. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಕಾರ್ಬನ್ ಮತ್ತದರ ಸಂಯುಕ್ತಗಳ ಪಾಠ. ಅದರ ಕೊನೆಗೆ ಸಾಬೂನು, ಮಾರ್ಜಕ, ಗಡಸು ನೀರು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನ ಜತೆ ಕೂಡಿ ಕರಗದ ಗಸಿಯಾಗುತ್ತವೆ, ಮಾರ್ಜಕ ಹಾಗಾಗುವುದಿಲ್ಲ ಎಂದು ಅವನು ಉಸಿರು ಬಿಡದೆ ಒಪ್ಪಿಸಿದ. ಅಲ್ಲಿಗೇ ನಿಲ್ಲದೆ ಒಳಗೋಡಿ ಹಾಳೆ ತಂದು ಮಿಸೆಲ್ಲಿನ ಚಿತ್ರ ಬರೆದು ತೋರಿಸಿದ. ಒಂದು ಎಣ್ಣೆಯ ಹನಿ, ಅದರ ಸುತ್ತ ಬಾಲ ಒಳಗೆ ತಲೆ ಹೊರಗೆ ಮಾಡಿ ನಿಂತ ಸಾಬೂನಿನ ಅಣುಗಳು. ಚಂದದ ಚಿತ್ರ. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸೂರ್ಯಕಾಂತಿ ಚಲೋ ಬಂದೈತಿ," ಎಂದಳು. ವಿಜ್ಞಾನದಲ್ಲಿ ಅವನಿಗೆ ತೊಂಬತ್ತೆಂಟು ಅಂಕ. ಕೊರಳಪಟ್ಟಿಯ ಮಣ್ಣು ಮಾತ್ರ ಅವನ ಜನ್ಮದಲ್ಲಿ ಬೇರೆ ಯಾರದೋ ಸಮಸ್ಯೆಯಾಗಿಯೇ ಉಳಿದುಬಂದಿತ್ತು.

ಎರಡನೆಯ ದಿನ ಪ್ರಾಯೋಗಿಕ. ಬಚ್ಚಲ ಹೊರಗಿನ ಒಗೆಯುವ ಕಲ್ಲಿನ ಹತ್ತಿರ ಅಕ್ಕ ಒಂದು ಶಾಲೆಯ ಷರ್ಟು ಕೊಟ್ಟಳು. ಹುಡುಗ ಕೊರಳಪಟ್ಟಿಗೆ ಸೋಪು ಹಚ್ಚಿದ, ಬ್ರಷ್ ಎತ್ತಿದ, ಎಡದಿಂದ ಬಲಕ್ಕೆ ಒಮ್ಮೆ ಎಳೆದ. "ಹಂಗಲ್ಲ," ಎಂದಳು ಅಕ್ಕ. ಬಲದಿಂದ ಎಡಕ್ಕೆ ಎಳೆದ. "ಹಂಗಲ್ಲ, ತಾ ಇಲ್ಲಿ!"

ಷರ್ಟು ಕೈ ಬದಲಾಯಿಸಿತು. ಆಮೇಲಿನ ಹತ್ತು ನಿಮಿಷ ಅವ್ವ ಒಗೆದಳು, ಮಗ ಪಕ್ಕದಲ್ಲಿ ನಿಂತು ಅವ್ವನ ಬೆನ್ನು ನೋಡಿದ. ಕೊನೆಗೆ ಅಕ್ಕ ತಲೆ ಎತ್ತಿ, "ತಿಳೀತೇನು?" ಎಂದಳು. "ತಿಳೀತು," ಎಂದ. ಆ ದಿನದ ಪಾಠ ಮುಗಿಯಿತು.

ನನಗೆ ಕೆಟ್ಟ ಚಟ. ಮರುದಿನದಿಂದ ಗಡಿಯಾರ ಹಿಡಿದು ಕೂತೆ. ಬಟ್ಟೆ ಹುಡುಗನ ಕೈಗೆ ಹೋದ ಕ್ಷಣದಿಂದ "ತಾ ಇಲ್ಲಿ" ಎನ್ನುವವರೆಗೆ ಎಷ್ಟು ಹೊತ್ತು? ಬನೀನಿಗೆ ನಲವತ್ತು ಸೆಕೆಂಡು. ಪ್ಯಾಂಟಿಗೆ ಒಂದು ನಿಮಿಷ ಹತ್ತು ಸೆಕೆಂಡು. ಪ್ಯಾಂಟು ಭಾರ, ಅಕ್ಕನಿಗೂ ಸ್ವಲ್ಪ ಆಸೆ ಇತ್ತು. ಹಿಂಡುವ ಪಾಠದಲ್ಲಿ ಹದಿನೈದೇ ಸೆಕೆಂಡು. ಟವೆಲ್ಲನ್ನು ಅವನು ಕತ್ತು ಹಿಸುಕುವವನ ಹಾಗೆ ಹಿಡಿದಿದ್ದ. ಒಣಹಾಕುವುದಂತೂ ಶುರುವೇ ಆಗಲಿಲ್ಲ, ಮಾಳಿಗೆಯ ಮೆಟ್ಟಿಲಲ್ಲೇ ಬಕೇಟು ಕಸಿಯಲ್ಪಟ್ಟಿತು.

ಒಣಹಾಕುವುದರ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಕಡೆ ಮಾಳಿಗೆಯ ಹಗ್ಗ ಎಂದರೆ ಆ ಮನೆಯ ಬಹಿರಂಗ ಪತ್ರಿಕೆ. ಓಣಿಯ ಹೆಂಗಸರು ಅದನ್ನು ದಿನಾ ಓದುತ್ತಾರೆ. ಮಗನ ಬಿಳಿ ಷರ್ಟು ಬೀದಿಯ ಕಡೆ, ಗಂಡನ ಪಂಚೆ ಅದರ ಪಕ್ಕಕ್ಕೆ, ಬಣ್ಣದವು ಒಳಮೈ ಹೊರಗೆ ಮಾಡಿ, ಚಡ್ಡಿ ಮತ್ತಿತರವು ಸೀರೆಯ ಮರೆಯಲ್ಲಿ. ಷರ್ಟನ್ನು ಹೆಗಲಿನಿಂದ ನೇತುಹಾಕಿದರೆ ಹೆಗಲಿಗೆ ಕ್ಲಿಪ್ಪಿನ ಕೋಡು ಮೂಡುತ್ತದೆ, ಆದ್ದರಿಂದ ತಲೆಕೆಳಗು. ಒಂದು ಅರಿವೆಯೂ ಇನ್ನೊಂದರ ಮೇಲೆ ಬೀಳಬಾರದು. ಬಿಸಿಲು ಇಳಿಯುವ ಮುಂಚೆ ತೆಗೆಯಬೇಕು. ಸಂಜೆ ದೀಪ ಹಚ್ಚಿದ ಮೇಲೆ ಹಗ್ಗದ ಮೇಲೆ ಬಟ್ಟೆ ಇದ್ದರೆ ಆ ಮನೆಯ ಹೆಣ್ಣುಮಕ್ಕಳ ಬಗ್ಗೆ ಮಾತು ಬರುತ್ತದೆ, ಗಂಡುಮಕ್ಕಳ ಬಗ್ಗೆ ಬರುವುದಿಲ್ಲ. ಇಂಥ ಪತ್ರಿಕೆಯ ಸಂಪಾದಕಿ ತನ್ನ ಮುಖಪುಟವನ್ನು ಹದಿನಾರು ವರ್ಷದ ಹುಡುಗನ ಕೈಗೆ ಕೊಡುತ್ತಾಳೆಯೆ?

ಹದಿನೈದು ದಿನದಲ್ಲಿ ಪಾಠ ನಡೆದದ್ದು ನಾಲ್ಕೇ ದಿನ. ಉಳಿದ ದಿನಗಳ ಲೆಕ್ಕ ಹೀಗಿದೆ. ನಳ ಬಾರದ ದಿನ ನೀರಿಲ್ಲ, ಪಾಠವಿಲ್ಲ. ನಳ ಬಂದ ದಿನ ಬಿಂದಿಗೆ, ಡ್ರಮ್ಮು, ತೊಟ್ಟಿ, ಕಡೆಗೆ ಇಡ್ಲಿ ಪಾತ್ರೆಯನ್ನೂ ಬಿಡದೆ ತುಂಬಿಕೊಂಡು, ಗುಡ್ಡೆ ಬಿದ್ದ ಬಟ್ಟೆಯನ್ನೆಲ್ಲ ಒಂದೇ ತಾಸಿನಲ್ಲಿ ಒಗೆದು ಮುಗಿಸಬೇಕು. "ಇಂಥಾ ಹೊತ್ತಿನಾಗ ಇವನ ಕೈಯಾಗ ಕೊಟ್ಟು ನೋಡಿಕೋಂತ ಕುಂದರಾಕ ಆಗತೈತೇನು? ಒಂದು ಬನೀನಿಗೆ ಮೂರು ಬಕೇಟು ನೀರು ಸುರೀತಾನ!" ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತಾಯಂದಿರು ಮುದ್ದು ಮಾಡಿ ಗಂಡುಮಕ್ಕಳನ್ನು ಕೆಡಿಸುತ್ತಾರೆ ಎಂದು ಪೇಟೆಯವರು ಬರೆಯುತ್ತಾರೆ. ಅವರ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಕಲಿಯುವವನು ನೀರು ಚೆಲ್ಲುತ್ತಾನೆ, ಚೆಲ್ಲಲು ನೀರಿರಬೇಕಲ್ಲ? ಅಕ್ಕನ "ತಾ ಇಲ್ಲಿ"ಯಲ್ಲಿ ಅರ್ಧ ಮಮತೆ ಇದ್ದರೆ ಇನ್ನರ್ಧ ನೀರಿನ ಲೆಕ್ಕ.

ಭಾವನ ಪಾತ್ರವೂ ಇದೆ. ಅಂಗಡಿಯಿಂದ ಊಟಕ್ಕೆ ಬಂದವರು ಮಂಚದ ಮೇಲೆ ಕೂತು ಪಾಠಕ್ಕೆ ಉಪನ್ಯಾಸ ಸೇರಿಸುತ್ತಿದ್ದರು. 12ನೇ ಶತಮಾನದ ಮಡಿವಾಳ ಮಾಚಿದೇವ ಬಟ್ಟೆ ಮಡಿ ಮಾಡುವುದನ್ನೇ ಕಾಯಕ ಮಾಡಿಕೊಂಡು ಶರಣರ ನಡುವೆ ಎಷ್ಟು ದೊಡ್ಡವನಾದ, ಕಾಯಕದಲ್ಲಿ ಮೇಲು ಕೀಳು ಇಲ್ಲ, ಇತ್ಯಾದಿ. ಮಾತು ಚೆನ್ನಾಗಿರುತ್ತಿತ್ತು, ನಾನೇ ಎರಡು ಸಲ ತಲೆದೂಗಿದೆ. ಹೀಗೆ ಮಾತಾಡುತ್ತ ಆಡುತ್ತ ಅವರು ಬೆವರಿನ ಬನೀನು ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದರು. ಆ ಮೊಳೆಯಿಂದ ಬನೀನು ಬಚ್ಚಲಿಗೆ ಹೇಗೆ ಹೋಗುತ್ತದೆ ಎಂಬುದು ಮದುವೆಯಾದ ಇಪ್ಪತ್ತು ವರ್ಷದಲ್ಲಿ ಅವರಿಗೆ ಹೊಳೆದ ಪ್ರಶ್ನೆಯಲ್ಲ.

ಇನ್ನು ತಂಗಿ. ಮಿಸೆಲ್ಲಿನ ಪಾಠ ಅವಳಿಗಿನ್ನೂ ಬಂದಿಲ್ಲ, ಎರಡು ವರ್ಷ ಇದೆ. ಅಣ್ಣನ ತರಬೇತಿ ನಡೆಯುವ ಹೊತ್ತಿನಲ್ಲಿ ಅವಳು ಅದೇ ಕಲ್ಲಿನ ಇನ್ನೊಂದು ಬದಿಯಲ್ಲಿ ತನ್ನ ಯೂನಿಫಾರ್ಮು ಒಗೆದು, ಅಜ್ಜಿಯ ಸೀರೆ ಜಾಲಿಸಿ, ಎರಡೂ ಕೈ ಸೇರಿಸಿ ಹಿಂಡಿ, ಝಾಡಿಸಿ, ಹೆಗಲ ಮೇಲೆ ಹಾಕಿಕೊಂಡು ಮಾಳಿಗೆ ಹತ್ತಿಬಿಡುತ್ತಿದ್ದಳು.

"ಅಕ್ಕಾ, ಇಕೀಗೆ ಯಾವಾಗ ಕಲಿಸಿದಿ?" ಎಂದೆ.

"ಇಕೀಗೇನು ಕಲಸೋದು?" ಅಕ್ಕನಿಗೆ ನಿಜವಾಗಿಯೂ ಆಶ್ಚರ್ಯ. "ಹೆಣ್ಣುಡುಗಿ. ತಾನಾ ಬರತೈತಿ."

ತಾನಾ ಬಂದದ್ದು ಹೇಗೆಂದು ಹುಡುಗಿಯೇ ಆಮೇಲೆ ಹೇಳಿದಳು. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವ್ವ ಜ್ವರ ಬಂದು ಮಲಗಿದ್ದಳಂತೆ. ಬಕೇಟು ತುಂಬ ಬಟ್ಟೆ ನೆನೆದಿತ್ತು, ಅಜ್ಜಿ ಬೊಟ್ಟು ಮಾಡಿ ತೋರಿಸಿದಳು, ಅಷ್ಟೇ. ಪ್ರತಿಜ್ಞೆ ಇಲ್ಲ, ಪೇಡೆ ಇಲ್ಲ, ಪಕ್ಕದಲ್ಲಿ ನಿಂತು "ಹಂಗಲ್ಲ" ಎನ್ನುವವರೂ ಇಲ್ಲ. "ಮೊದಲನೇ ಸಲ ಅಪ್ಪನ ಪಂಚೇಕ ನೀಲಿ ಜಾಸ್ತಿ ಹಾಕಿಬಿಟ್ಟಿದ್ದೆ ಮಾಮಾ. ಅದನ್ನ ಉಟಗೊಂಡು ಅಂಗಡೀಗೆ ಹೋದರು. ನೋಡಲೇ ಇಲ್ಲ."

ಈ ಐದು ತಾಲ್ಲೂಕಿನಲ್ಲೂ ನನ್ನ ನಂಟರಿದ್ದಾರೆ, ಎಲ್ಲ ಕಡೆಯೂ ಇದೇ ಪಾಠಶಾಲೆ ಇದೆ. ಕೂಡ್ಲಿಗಿಯಲ್ಲಿ ದೊಡ್ಡವ್ವನ ಸೊಸೆ ಶಾಲೆಯ ಟೀಚರು. ಅಲ್ಲಿ ಗಾಂಧೀಜಿಯ ಚಿತಾಭಸ್ಮ ಇರುವ ಸ್ಮಾರಕವಿದೆ. ಪ್ರತಿ ಅಕ್ಟೋಬರ್ 2ಕ್ಕೆ ಈಕೆ ಮಕ್ಕಳಿಗೆ ಸ್ವಾವಲಂಬನೆಯ ಕಥೆ ಹೇಳುತ್ತಾಳೆ. ಕಥೆ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ತಾವೇ ಬರೆದದ್ದು. ದಕ್ಷಿಣ ಆಫ್ರಿಕಾದಲ್ಲಿ ವಕೀಲಿ ಮಾಡುವಾಗ ಅಗಸರ ಖರ್ಚು ಮೇಲೆ ಹೋಗಿ, ಹೇಳಿದ ಹೊತ್ತಿಗೆ ಬಟ್ಟೆಯೂ ಬಾರದೆ, ಅವರು ಒಗೆಯುವುದರ ಮೇಲೆ ಒಂದು ಪುಸ್ತಕವನ್ನೇ ಕೊಂಡು ಓದಿ ಕಲಿತರು, ಕಸ್ತೂರ್ಬಾಗೂ ಕಲಿಸಿದರು. ಮೊದಲ ಸಲ ಒಗೆದ ಕಾಲರಿಗೆ ಗಂಜಿ ಹೆಚ್ಚಾಯಿತು, ಇಸ್ತ್ರಿ ಸಾಕಷ್ಟು ಕಾದಿರಲಿಲ್ಲ, ಸುಟ್ಟೀತೆಂಬ ಹೆದರಿಕೆಗೆ ಒತ್ತಲೂ ಇಲ್ಲ. ಅದನ್ನೇ ತೊಟ್ಟು ಕೋರ್ಟಿಗೆ ಹೋದರೆ ಕಾಲರಿನಿಂದ ಗಂಜಿ ಉದುರುತ್ತಿತ್ತು. ಜತೆಯ ವಕೀಲರು ನಕ್ಕರು, ಇವರೂ ನಕ್ಕರು. ನಮ್ಮ ಟೀಚರು ಈ ಕಥೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಾಳೆ. ಹೇಳಿ ಮನೆಗೆ ಬಂದು ಡಿಪ್ಲೊಮಾ ಓದುವ ಮಗನ ಆರು ಕಾಲರು ತಿಕ್ಕುತ್ತಾಳೆ. ಕೂಡ್ಲಿಗಿಯ ಕೆಮ್ಮಣ್ಣು ಸುಲಭಕ್ಕೆ ಹೋಗುವುದಲ್ಲ. ನನ್ನ ಅನುಮಾನ ಬೇರೆ. ಗಾಂಧೀಜಿ ಒಗೆಯಲು ಕಲಿತ ಹೊತ್ತಿಗೆ ತಾಯಿ ಪುತಳೀಬಾಯಿ ತೀರಿಕೊಂಡು ವರ್ಷಗಳಾಗಿದ್ದವು. ಆ ತಾಯಿ ಬದುಕಿದ್ದು, ಗಂಜಿ ಸುರಿಯುವ ಕಾಲರನ್ನು ಒಮ್ಮೆ ನೋಡಿದ್ದರೆ "ತಾ ಇಲ್ಲಿ" ಎನ್ನದೆ ಬಿಡುತ್ತಿದ್ದರೆ?

ಹಗರಿಬೊಮ್ಮನಹಳ್ಳಿಯ ಅತ್ತಿಗೆ ಪಾಠದ ಗೋಜಿಗೇ ಹೋಗಲಿಲ್ಲ. ವಾಷಿಂಗ್ ಮೆಷಿನ್ ತಂದಳು, ಮಗನಿಗೆ ಗುಂಡಿ ಒತ್ತುವುದು ಕಲಿಸಿದಳು, ಪ್ರಶ್ನೆ ಬಗೆಹರಿಯಿತು ಎಂದಳು. ಅವನು ಸೇರಿದ ಹಾಸ್ಟೆಲ್ಲಿನಲ್ಲಿ ಇರುವುದು ಒಂದು ನಲ್ಲಿ, ಒಂದು ಕಲ್ಲು. ಮನೆಯಲ್ಲಿ ಕರೆಂಟೂ ನೀರಿನ ಒತ್ತಡವೂ ಒಟ್ಟಿಗೆ ಬರುವ ಮುಹೂರ್ತ ಅಪರೂಪವಾದ್ದರಿಂದ ಮೆಷಿನ್ನಿನ ಮೇಲೆ ಕಸೂತಿಯ ಬಟ್ಟೆ ಹೊದಿಸಿ ಈಗ ಟಿವಿ ಇಟ್ಟಿದ್ದಾರೆ.

ಹಡಗಲಿಯ ಚಿಗವ್ವನದು ಮಾತ್ರ ಬೇರೆಯೇ ಮಟ್ಟ. ಮಲ್ಲಿಗೆಯ ಊರಿನವಳು. ಬಿಳಿ ಬಟ್ಟೆ ಬಿಳಿಯಾಗಿದೆಯೋ ಇಲ್ಲವೋ ಎಂದು ನೋಡಲು ಹೂವಿನ ಮಾಲೆಯನ್ನೇ ಪಕ್ಕಕ್ಕೆ ಹಿಡಿಯುತ್ತಾಳೆ. ಅವಳ ಮಗ ಒಂದು ವರ್ಷ ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದ ಜಾತ್ರೆಗೆ ಹೋಗಿ, ಗೊರವಪ್ಪರ ನಡುವೆ ನಿಂತು ಕಾರಣಿಕ ಕೇಳಿ, ಮೈತುಂಬ ಭಂಡಾರ ಬಳಿದುಕೊಂಡು ಹಾಸ್ಟೆಲ್ಲಿಗೆ ಹೋದ. ಅರಿಶಿನದ ಪುಡಿ ತಾನೇ ಎಂದು ಬಿಳಿ ಷರ್ಟಿಗೆ ಬಾರ್ ಸೋಪು ತಿಕ್ಕಿದ. ಹಳದಿ ಎಲ್ಲ ನೋಡನೋಡುತ್ತ ರಕ್ತದ ಹಾಗೆ ಕೆಂಪಗಾಯಿತು. ಹುಡುಗ ಕಿರುಚಿ, ಗಾಯ ಎಲ್ಲಾಗಿದೆ ಎಂದು ಮೈಯೆಲ್ಲ ತಡಕಿಕೊಂಡನಂತೆ. ಅರಿಶಿನಕ್ಕೆ ಸೋಪಿನ ಕ್ಷಾರ ತಾಗಿದರೆ ಬಣ್ಣ ಕೆಂಪಾಗುತ್ತದೆ. ನಮ್ಮ ಆರತಿಯ ಓಕುಳಿಯ ಕೆಂಪು ಬರುವುದೂ ಅರಿಶಿನಕ್ಕೆ ಸುಣ್ಣ ಸೇರಿಸಿಯೇ. ಚಿಗವ್ವ ಫೋನಿನಲ್ಲೇ ಗದರಿದಳು: "ಭಂಡಾರ ಐತಿ ಅದು, ಹೆದರಬ್ಯಾಡ. ಚಲೋ ನೀರಾಗ ಜಾಲಿಸಿ ಬಿಸಿಲಿಗೆ ಹಾಕು, ಸೂರ್ಯನೇ ತಗೀತಾನ." ಎರಡು ದಿನದ ಬಿಸಿಲಿಗೆ ಕಲೆ ಮಾಯವಾಯಿತು. ಅರಿಶಿನದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ ಎಂಬುದು ಅವಳಿಗೆ ಯಾವ ಪಠ್ಯವೂ ಹೇಳಿದ್ದಲ್ಲ. ನನ್ನ ಮಟ್ಟಿಗೆ ನಮ್ಮ ನಂಟರಲ್ಲಿ ಮಗನಿಗೆ ನಿಜವಾಗಿ ಪಾಠ ಕಲಿಸಿದವಳು ಈ ಚಿಗವ್ವ ಒಬ್ಬಳೇ. ಅದಕ್ಕೆ ಕಾರಣ ಅವಳ ಶಿಸ್ತಲ್ಲ, ಷರ್ಟು ಕೈಗೆಟುಕದ ದೂರದಲ್ಲಿತ್ತು.

ಹರಪನಹಳ್ಳಿಗೆ ದಾವಣಗೆರೆ ತೀರ ಹತ್ತಿರ. ಅಲ್ಲಿಯ ಅವ್ವಂದಿರ ಕಷ್ಟ ಹೇಳತೀರದು, ಮಕ್ಕಳು ಬುಧವಾರವೂ ಬಂದುಬಿಡುತ್ತಾರೆ, ಕೋಣೆಯ ಜತೆಗಾರರ ಬಟ್ಟೆಯನ್ನೂ ತರುತ್ತಾರೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಅಲ್ಲಿರುವ ನನ್ನ ಸೋದರತ್ತೆಯ ಮಾತು: "ನಮ್ಮ ತಾಲ್ಲೂಕು ಜಿಲ್ಲಾ ಬದಲಿ ಮಾಡಿದಷ್ಟು ಸಲ ನನ್ನ ಮೊಮ್ಮಗ ಹಾಸಿಗಿ ಚಾದರ ಬದಲಿ ಮಾಡಿಲ್ಲ."

ಇಷ್ಟೆಲ್ಲ ಬರೆಯುವ ನಾನೇನು ಸಾಚಾ ಅಲ್ಲ. ತೊಂಬತ್ತರ ದಶಕದಲ್ಲಿ ನಾನೂ ದಾವಣಗೆರೆಯ ಒಂದು ಹಾಸ್ಟೆಲ್ಲಿನಲ್ಲಿದ್ದವನು, ನಾನೂ ಶನಿವಾರದ ಬ್ಯಾಗಿನ ಒಡೆಯ. "ಹಂಪಿ ಹೊರಗ ನೋಡು, ಉಜ್ಜಿನಿ ಒಳಗ ನೋಡು" ಎಂದು ನಮ್ಮ ಕಡೆ ಗುಡಿಗಳ ಕೆತ್ತನೆಯ ಬಗ್ಗೆ ಹೇಳುವುದುಂಟು. ನನ್ನ ಬನೀನೂ ಹಾಗೇ. ಸೋಮವಾರ ಹೊರಗೆ ನೋಡುವಂತಿರುತ್ತಿತ್ತು, ಬುಧವಾರ ತಿರುಗಿಸಿ ಹಾಕಿದರೆ ಒಳಗೆ ನೋಡುವಂತಿರುತ್ತಿತ್ತು, ಶುಕ್ರವಾರದ ಹೊತ್ತಿಗೆ ಎರಡು ಕಡೆಯೂ ಹಾಳು ಹಂಪಿ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ನೆರವಾಗಲು ಹೋಗಿ ಅವಳ ಕೆಂಪು ಸೆರಗಿನ ಇಳಕಲ್ ಸೀರೆಯನ್ನು ನನ್ನ ಪಂಚೆಯ ಜತೆ ನೆನೆಹಾಕಿದೆ. ಆ ಪಂಚೆಯನ್ನು ಈಗಲೂ ಹೋಳಿ ಹುಣ್ಣಿಮೆಗೆ ತೆಗೆಯುತ್ತೇನೆ. ನನಗಿದ್ದ ಒಂದೇ ಸಮಾಧಾನ ಎಂದರೆ ಇದು ನಮ್ಮ ಐದು ತಾಲ್ಲೂಕಿನ ರೋಗವಲ್ಲ. ಕಳೆದ ಶತಮಾನದ ಅಮೆರಿಕದಲ್ಲಿ ಕಾಲೇಜು 
ಹುಡುಗರು ಕೊಳೆ ಬಟ್ಟೆಯನ್ನು ಅದಕ್ಕೆಂದೇ ಮಾಡಿದ ಪೆಟ್ಟಿಗೆಯಲ್ಲಿ ತುಂಬಿ ಅಂಚೆಯಲ್ಲಿ ಮನೆಗೆ ಕಳಿಸುತ್ತಿದ್ದರು. ಅವ್ವಂದಿರು ಒಗೆದು, ಮಡಚಿ, ನಡುವೆ ಬಿಸ್ಕತ್ತು ಇಟ್ಟು ಅದೇ ಪೆಟ್ಟಿಗೆಯಲ್ಲಿ ವಾಪಸು ಕಳಿಸುತ್ತಿದ್ದರು. ನಮ್ಮಲ್ಲಿ ಬಿಸ್ಕತ್ತಿನ ಜಾಗದಲ್ಲಿ ಶೇಂಗಾ ಚಟ್ನಿ, ಅಂಚೆಯ ಜಾಗದಲ್ಲಿ ಬಸ್ಸು.

ಜೂನು ಬಂತು. ಅಳಿಯ ಹೊರಟ. ಟ್ರಂಕಿನಲ್ಲಿ ಅಕ್ಕ ಒಂದು ಡಜನ್ ಕ್ಲಿಪ್ಪು, ಹಗ್ಗ, ಬ್ರಷ್ಷು, ಮೂರು ಬಾರ್ ಸೋಪು, ಎರಡು ಕೆಜಿ ಪುಡಿ ಇಟ್ಟಳು. ಬಸ್ಸು ಹತ್ತುವ ಮುಂಚೆ ಕಿವಿಯಲ್ಲಿ ಹೇಳಿದ್ದು ಮಾತ್ರ ನನಗೂ ಕೇಳಿಸಿತು: "ಆಗಲಿಲ್ಲಂದ್ರ ಶನಿವಾರ ಹಂಗಾ ತಗೊಂಡು ಬಾ."

ಮೊದಲ ಶನಿವಾರ ಅವನು ಬರಲಿಲ್ಲ, ಟೆಸ್ಟ್ ಅಂತೆ. ಎರಡನೆಯ ಶನಿವಾರವೂ ಬರಲಿಲ್ಲ. ನಾನು ಹೊಸಪೇಟೆಯಿಂದ ಫೋನ್ ಮಾಡಿದರೆ ಅಕ್ಕ ಕಂಗಾಲು. "ಹಗ್ಗ ಖಾಲಿ ಖಾಲಿ ಕಾಣಾಕತ್ತೈತಿ ತಮ್ಮಾ," ಎಂದಳು. ಆದರೆ ಮುಂದಿನ ಫೋನಿನಲ್ಲಿ ಅವಳ ಧ್ವನಿಯೇ ಬೇರೆ. ಮಗ ರೊಕ್ಕ ಕಳಿಸಿದ್ದಾನೆ! ಅವಳ ಫೋನ್‌ಪೇಗೆ ಐವತ್ತು ರೂಪಾಯಿ ಬಂದಿದೆ. ಎರಡು ದಿನ ಬಿಟ್ಟು ಮತ್ತೆ ಐವತ್ತು. ಆಮೇಲೆ ಇನ್ನೂ ಐವತ್ತು. "ಊಟಕ್ಕ ಕೊಟ್ಟ ರೊಕ್ಕದಾಗ ಉಳಿಸಿ ಅವ್ವಗ ಕಳಸ್ಯಾನ. ಹದಿನಾರು ವರ್ಷಕ್ಕ ಎಂಥಾ ಬುದ್ಧಿ ನೋಡು!" ಎದುರುಮನೆಗೆ, ಹಿತ್ತಲಮನೆಗೆ, ನಳದ ಹತ್ತಿರ ನಿಂತವರಿಗೆ, ಎಲ್ಲರಿಗೂ ಆ ಮೆಸೇಜು ತೋರಿಸಿ ಆಗಿತ್ತು. ಭಾವ ಅಂಗಡಿಯಲ್ಲಿ ನಾಲ್ಕು ಜನ ರೈತರಿಗೆ ಹೇಳಿದ್ದರು.

ಮೂರನೆಯ ಶನಿವಾರ ಹುಡುಗ ಬಂದ. ನಾನೂ ಹೋಗಿದ್ದೆ. ಅಕ್ಕ ಬೆಳಗಿನಿಂದ ನಳದ ನೀರನ್ನು ಯಾರೂ ಮುಟ್ಟದಂತೆ ಕಾದಿಟ್ಟಿದ್ದಳು, ಹಗ್ಗದ ಮೇಲಿನದನ್ನೆಲ್ಲ ತೆಗೆದು ಜಾಗ ಮಾಡಿದ್ದಳು. ಬಾಯಲ್ಲಿ ಮಾತ್ರ, "ಬರಲಿ ಇವತ್ತು, ಒಂದು ಅರಿವಿನೂ ಮುಟ್ಟಾಂಗಿಲ್ಲ ನಾನು. ಎಷ್ಟು ಕಲಿಸಿ ಕಳಿಸೀನಿ," ಎನ್ನುತ್ತಿದ್ದಳು. ಹುಡುಗ ಒಳಗೆ ಬಂದ. ಬ್ಯಾಗು ತೆಳ್ಳಗಿತ್ತು. ಅಕ್ಕ ಜಿಪ್ಪು ಎಳೆದಳು. ಒಳಗೆ ಎಂಟು ಅರಿವೆ, ಮಡಚಿದವು. ಮೂಗಿಗೆ ಹಿಡಿದು ನೋಡಿದಳು, ಸೋಪಿನ ವಾಸನೆ.

"ಯಾರ ಹತ್ರ ಒಗಿಸಿದಿ?"

"ನಾನಾ ಒಗದೀನಿ."

"ಸುಳ್ಳು. ಯಾರು ಕಲಿಸಿದರು?"

ಹುಡುಗ ತಂಗಿಯ ಕಡೆ ನೋಡಿದ. ತಂಗಿ ಗೋಡೆ ನೋಡಿದಳು. ಆಮೇಲೆ ವಿಷಯ ಹೊರಬಿತ್ತು. ರಾತ್ರಿ ಅವ್ವ ಮಲಗಿದ ಮೇಲೆ ಅವ್ವನದೇ ಫೋನಿನಲ್ಲಿ ವಿಡಿಯೋ ಕಾಲ್. ಅಣ್ಣ ಅಲ್ಲಿ ಬಕೇಟಿನ ಮುಂದೆ, ತಂಗಿ ಇಲ್ಲಿ ಕೌದಿಯ ಒಳಗೆ. ಮೂರು ಪಾಠ: ನೆನೆಹಾಕುವುದು, ಕೊರಳಪಟ್ಟಿ, ಹಿಂಡುವುದು. ಒಣಹಾಕುವುದನ್ನು ಬೋನಸ್ಸು ಎಂದು ಸೇರಿಸಿದ್ದಳು. ಪಾಠವೊಂದಕ್ಕೆ ಐವತ್ತು ರೂಪಾಯಿ, ಮುಂಗಡ.

"ಹಂಗಂದ್ರ ಆ ರೊಕ್ಕ..." ಎಂದಳು ಅಕ್ಕ.

"ಅದು ನನ್ನ ಫೀಸು," ಎಂದಳು ಹುಡುಗಿ. "ನನ್ನ ಹತ್ರ ಫೋನಿಲ್ಲಲ್ಲ, ಅದಕ್ಕ ನಿನ್ನ ನಂಬರಿಗೆ ಹಾಕಿಸಿದೆ."

ಭಾವ ಮಂಚದ ಮೇಲೆ ಕೆಮ್ಮಿದರು. ನಾನು ಹುಡುಗಿಯನ್ನು ಕೇಳಿದೆ, ಅಷ್ಟು ದೂರದಿಂದ ಹೇಗೆ ಕಲಿಸಿದೆ ಎಂದು. "ಏನಿಲ್ಲ ಮಾಮಾ. ತಪ್ಪು ಮಾಡಿದ್ರೂ ಇಲ್ಲಿಂದ ಕಸಗೊಳ್ಳಾಕ ಬರಾಂಗಿಲ್ಲಲ್ಲ," ಎಂದಳು.

ಅಕ್ಕ ಏನೂ ಹೇಳಲಿಲ್ಲ. ಒಂದು ಷರ್ಟು ಬಿಡಿಸಿ ಬಾಗಿಲಿನ ಬೆಳಕಿಗೆ ಹಿಡಿದಳು. ಕೊರಳಪಟ್ಟಿಯನ್ನು ಉಗುರಿನಿಂದ ಕೆರೆದಳು. ನನ್ನ ಕಣ್ಣಿಗೆ ಅದು ಚೊಕ್ಕವಾಗಿಯೇ ಇತ್ತು. ಅಕ್ಕ ಸೆರಗು ಸಿಕ್ಕಿಸಿಕೊಂಡಳು, ಮಗನ ತೋಳಿನಲ್ಲಿದ್ದ ಉಳಿದ ಏಳನ್ನೂ ನೋಡಿದಳು, ಕೈ ಚಾಚಿದಳು.

"ಹಂಗಲ್ಲ, ತಾ ಇಲ್ಲಿ."

ಎಂಟೂ ಅರಿವೆ ಮತ್ತೆ ನೆನೆಬಿದ್ದವು. ಸಂಜೆಯ ಹೊತ್ತಿಗೆ ಮಾಳಿಗೆಯ ಹಗ್ಗದ ಮೇಲೆ ತಲೆಕೆಳಗಾಗಿ, ಬೀದಿಯ ಕಡೆಗೆ, ಸಾಲಾಗಿ ಒಣಗಿದ್ದವು. ಅವನ್ನು ತೆಗೆದು ತಂದು ಮಡಚಿದವಳು ತಂಗಿ. ಆ ನೂರೈವತ್ತು ರೂಪಾಯಿಯನ್ನು ಅಕ್ಕ ಅವಳಿಗೆ ಇನ್ನೂ ಕೊಟ್ಟಿಲ್ಲ.